ಗಂಟೆ ಲೆಕ್ಕದ ಗೋವಾ ಯಾಚ್, ದಿನದ ಲೆಕ್ಕದ ಕೋಡಿ ಬೆಂಗ್ರೆ ದೋಣಿಮನೆ

ನಮ್ಮ ಮನೆಯಲ್ಲಿ ಇನ್ನೊಂದು ಸಮಾರಂಭ ನೀರಿನ ಮೇಲೆ ನಡೆಯುವುದಾದರೆ ಅದು ಉಡುಪಿ ಹತ್ತಿರದ ಕೋಡಿ ಬೆಂಗ್ರೆಯ ದೋಣಿಮನೆಯಲ್ಲೇ, ಎಂದರೆ ಹೌಸ್‌ಬೋಟಿನಲ್ಲೇ, ನಡೆಯಬೇಕು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ವಿಹಾರ ದೋಣಿಯಾದ ಗೋವಾದ ಯಾಚ್‌ಗೆ ನಾನು ಮತ್ತೆ ಮುಂಗಡ ಕಟ್ಟುವುದಿಲ್ಲ. ಎರಡು ಕಡೆಗೂ ನಾವು ಹೋದದ್ದು ಅದೇ 14 ಜನ. ಅಪ್ಪ, ಅಮ್ಮ, ಇಬ್ಬರು ಸೋದರತ್ತೆಯರು, ಚಿಕ್ಕಪ್ಪ ಚಿಕ್ಕಮ್ಮ, ಉಳಿದವರು ನಾವು ಮತ್ತು ಮಕ್ಕಳು. ಅರ್ಧದಷ್ಟು ಜನರಿಗೆ ಮಂಡಿ ನೋವು. ಮನೆಯ ಖರ್ಚನ್ನು ದಿನವೂ ಬರೆದಿಡುವ ಅಭ್ಯಾಸ ನನಗಿರುವುದರಿಂದ ಇಲ್ಲಿ ಕೊಡುವ ಮೊತ್ತಗಳೆಲ್ಲ ನನ್ನ ಪುಸ್ತಕದಿಂದಲೇ ತೆಗೆದವು.

ಗೋವಾಕ್ಕೆ ಹೋದದ್ದು 2023ರ ಡಿಸೆಂಬರ್‌ನಲ್ಲಿ, ಅಪ್ಪ ಅಮ್ಮನ ಮದುವೆಯ 40ನೇ ವರ್ಷಕ್ಕೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರವೆಂದರೆ ಆಸೆ ಹೆಚ್ಚು. ಬಿಳಿಯ ಯಾಚ್, ಮಾಂಡೋವಿ ನದಿ ಕಡಲು ಸೇರುವ ಜಾಗ, ಸೂರ್ಯ ಮುಳುಗುವ ಹೊತ್ತಿಗೆ ಕೇಕ್ ಎಂದು ತಮ್ಮ ವಿವರಿಸಿದಾಗ ನಾನೂ ಮರುಮಾತಾಡದೆ ಒಪ್ಪಿದೆ. ಎರಡು ಗಂಟೆಗೆ 24,000 ರೂಪಾಯಿ. ಅಲಂಕಾರಕ್ಕೆ 4,500, ತಿಂಡಿಗೆ 8,400. ಒಟ್ಟು 36,900. ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಯಾಚ್ ನಮ್ಮದು ಎಂದು ರಸೀದಿಯಲ್ಲಿ ಬರೆದಿತ್ತು.

ಆ ಎರಡು ಗಂಟೆ ಯಾವಾಗ ಶುರುವಾಗುತ್ತದೆ ಎಂದು ನಾನು ಕೇಳಿರಲಿಲ್ಲ. ನನಗೆ ಈಗಲೂ ಚುಚ್ಚುವುದು ಅದೊಂದೇ. ಯಾಚ್ ಜೆಟ್ಟಿ ಬಿಟ್ಟ ಕ್ಷಣದಿಂದ ಗಂಟೆ ಎಣಿಸುತ್ತಾರೆ ಎಂದುಕೊಂಡಿದ್ದೆ. ಅವರು ಎಣಿಸಿದ್ದು ರಸೀದಿಯ ನಾಲ್ಕೂವರೆಯಿಂದ. ಪಣಜಿಯ ವಾಹನ ದಟ್ಟಣೆಯಲ್ಲಿ ಸಿಕ್ಕಿ ನಾವು ಜೆಟ್ಟಿ ಮುಟ್ಟಿದಾಗ 4:50. ಪ್ರತಿಯೊಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿ ಬರೆದುಕೊಳ್ಳುವುದಕ್ಕೆ ಹತ್ತು ನಿಮಿಷ ಹೋಯಿತು. ಜೀವರಕ್ಷಕ ಜಾಕೆಟ್ ತೊಡಿಸುವುದಕ್ಕೆ ಇನ್ನೊಂದಷ್ಟು. ಈ ಎರಡು ಕೆಲಸಗಳನ್ನು ನಾನು ದೂರುವುದಿಲ್ಲ, ಅವು ಆಗಲೇಬೇಕು. ಆದರೆ ಜೆಟ್ಟಿಗೂ ಯಾಚ್‌ಗೂ ನಡುವೆ ಒಂದು ಹಲಗೆ, ಕೆಳಗೆ ಏರಿಳಿಯುವ ನೀರು. ದೊಡ್ಡತ್ತೆ ಅಲ್ಲಿ ನಿಂತುಬಿಟ್ಟರು. ಇಬ್ಬರು ಹುಡುಗರು ಕೈಹಿಡಿದು, ಒಬ್ಬೊಬ್ಬರನ್ನೇ ದಾಟಿಸಿ, ಎಲ್ಲರೂ ಕುಳಿತಾಗ 5:20.

ಡಿಸೆಂಬರ್ ನಡುವಿನಲ್ಲಿ ಪಣಜಿಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿ ಐದಾರು ನಿಮಿಷಕ್ಕೆ. ಎಡಕ್ಕೆ ಮಿರಾಮಾರ್, ಬಲಕ್ಕೆ ರೀಸ್ ಮಾಗೋಸ್ ಕೋಟೆ ದಾಟಿ, 1612ರಲ್ಲಿ ಕಟ್ಟಿದ ಅಗುವಾಡಾ ಕೋಟೆಯ ಹತ್ತಿರ ಬರುವ ಹೊತ್ತಿಗೆ ನೀರು ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ಯಾಚ್ ತಿರುಗಿತು. ಆರೂವರೆಗೆ ಇನ್ನೊಂದು ತಂಡ ಕಾಯುತ್ತಿದೆ, ಅರ್ಧ ಗಂಟೆಯಲ್ಲಿ ಜೆಟ್ಟಿ ಸೇರಲೇಬೇಕು ಎಂದರು. ಹೆಚ್ಚಿನ ಹಣ ಕೊಡುತ್ತೇವೆಂದರೂ ಆಗದು, ಮುಂದಿನವರು ಬಂದಾಗಿದೆ. ಯಾವ ಸೂರ್ಯನಿಗಾಗಿ ಬೆಂಗಳೂರಿನಿಂದ ಹೋಗಿದ್ದೆವೋ ಅವನು ನಮ್ಮ ಬೆನ್ನ ಹಿಂದೆ ಮುಳುಗಿದ. ಅಪ್ಪ ಅಮ್ಮ ಕೇಕ್ ಕತ್ತರಿಸಿದ್ದು ಕ್ಯಾಸಿನೊ ಹಡಗುಗಳ ದೀಪದ ಕಡೆಗೆ ಮುಖ ಮಾಡಿ. ನೀರಿನ ಮೇಲೆ ನಾವಿದ್ದದ್ದು 65 ನಿಮಿಷ, ಎಂದರೆ ನಿಮಿಷಕ್ಕೆ ಸುಮಾರು 570 ರೂಪಾಯಿ.

ಅಮ್ಮನಿಗೆ ಆರತಿ ಎತ್ತಬೇಕೆಂಬ ಆಸೆ ಅತ್ತೆಯರಿಗಿತ್ತು. ಫೈಬರ್ ದೋಣಿ, ಕೆಳಗೆ ಇಂಧನದ ತೊಟ್ಟಿ. ಯಾಚ್‌ನವರು ಬೆಂಕಿ ಕಡ್ಡಿ ಗೀರಲು ಬಿಡಲಿಲ್ಲ. ಅವರು ಮಾಡಿದ್ದು ಸರಿ. ನಾನು ಮೊದಲೇ ವಿಚಾರಿಸಿದ್ದರೆ ಹಿತ್ತಾಳೆಯ ತಟ್ಟೆ, ಬತ್ತಿ, ತುಪ್ಪವನ್ನು ಅಲ್ಲಿಯವರೆಗೆ ಹೊತ್ತೊಯ್ಯುವುದು ತಪ್ಪುತ್ತಿತ್ತು. ಶೌಚಾಲಯ ಕಿರಿದಾದ ಮೆಟ್ಟಿಲುಗಳ ಕೆಳಗಿತ್ತು. ಹಿರಿಯರು ಯಾರೂ ಇಳಿಯಲಿಲ್ಲ.

ನಡುವೆ ಒಮ್ಮೆ ಕೇರಳದ ಆಲಪ್ಪುಳದ ದೋಣಿಮನೆಗೂ ಹೋಗಿದ್ದೆವು, ಭಾವನ ಐವತ್ತರ ಹುಟ್ಟುಹಬ್ಬಕ್ಕೆ, ಎಂಟೇ ಜನ. ವೆಂಬನಾಡು ಸರೋವರ ಕಣ್ಣು ತುಂಬುವಷ್ಟು ದೊಡ್ಡದು, ಊಟ ಚೆನ್ನಾಗಿತ್ತು. ಮೀನುಗಾರರು ಬಲೆ ಬಿಡುವ ಹೊತ್ತೆಂದು ಸಂಜೆ ಐದೂವರೆಗೆ ದೋಣಿಯನ್ನು ದಡಕ್ಕೆ ಕಟ್ಟಿದರು. ಎಸಿ ಹಾಕಿದ್ದು ರಾತ್ರಿ ಒಂಬತ್ತರ ಮೇಲೆ. ದಂಪತಿಗಳಿಗೆ, ಚಿಕ್ಕ ಕುಟುಂಬಕ್ಕೆ ಅದು ಹಿತ. 14 ಜನರನ್ನು ಎರ್ನಾಕುಲಂವರೆಗೆ ರೈಲಿನಲ್ಲಿ, ಅಲ್ಲಿಂದ ಮತ್ತೆ ವಾಹನದಲ್ಲಿ ಕರೆದೊಯ್ಯುವಷ್ಟು ಕಸುವು ನನಗಿಲ್ಲ.

ಈಗ ಕೋಡಿ ಬೆಂಗ್ರೆ. 2025ರ ಜನವರಿಯಲ್ಲಿ ಅಪ್ಪನಿಗೆ ಎಪ್ಪತ್ತು. ಭೀಮರಥ ಶಾಂತಿಯ ಹೋಮವನ್ನು ಬಸವನಗುಡಿಯ ಮನೆಯಲ್ಲೇ ಮುಗಿಸಿ, ಎರಡು ದಿನ ಬಿಟ್ಟು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ಅದು ಬೆಳಕು ಹರಿಯುವ ಮೊದಲೇ ಉಡುಪಿಯಲ್ಲಿ ಇಳಿಸುತ್ತದೆ. ಹಿರಿಯರಿಗೆ ಅದೊಂದು ಕಷ್ಟ. ಹಿಂದಿನ ರಾತ್ರಿಯ ಲೆಕ್ಕದಲ್ಲೇ ವಸತಿಗೃಹದ ಕೋಣೆ ಹಿಡಿದಿದ್ದರಿಂದ ಎಲ್ಲರೂ ಇನ್ನೊಂದು ನಿದ್ದೆ ಮಾಡಿ, ಕೃಷ್ಣನ ದರ್ಶನ ಮುಗಿಸಿ, ಹನ್ನೊಂದಕ್ಕೆ ದೋಣಿಯ ಬಳಿ ಬಂದರು. ತಡವಾಗಿ ಬಂದರೆ ಎಂದು ಫೋನಿನಲ್ಲಿ ಕೇಳಿದ್ದೆ. "ನಿಧಾನ ಬನ್ನಿ ಅಕ್ಕ, ಇವತ್ತು ಬೇರೆ ಯಾರಿಗೂ ಕೊಟ್ಟಿಲ್ಲ" ಎಂದರು ದೋಣಿಯವರು. ನಾನು ದುಡ್ಡು ಕೊಡುವುದು ಆ ಮಾತಿಗೆ.

ಹನ್ನೊಂದರಿಂದ ಐದರವರೆಗೆ ಇಡೀ ದೋಣಿಮನೆ, ಮಧ್ಯಾಹ್ನದ ಊಟ, ಸಂಜೆಯ ತಿಂಡಿ ಸೇರಿ 28,000 ರೂಪಾಯಿ. ಸ್ವರ್ಣಾ ನದಿ ಕಡಲು ಸೇರುವ ಮುನ್ನ ಇಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಒಂದು ಬದಿಯಲ್ಲಿ ಮರಳಿನ ದಿಣ್ಣೆ, ಅದರಾಚೆ ಅರಬ್ಬಿ ಸಮುದ್ರ. ಇನ್ನೊಂದು ಬದಿಗೆ ತೆಂಗು ತುಂಬಿದ ಕುದ್ರುಗಳು. ನದಿ ನಡುವಿನ ನಡುಗಡ್ಡೆಗೆ ಇಲ್ಲಿಯವರು ಕುದ್ರು ಎನ್ನುತ್ತಾರೆ. ಅಲಂಕಾರಕ್ಕೆ ನಾವು ತಂದದ್ದು ಶಂಕರಪುರ ಮಲ್ಲಿಗೆಯೊಂದೇ. ಅದನ್ನು ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೂವಿಗೆ 1,800 ರೂಪಾಯಿ ಆಯಿತು. ಬಲೂನು ಕಟ್ಟದಿದ್ದರೂ ದೋಣಿಯೆಲ್ಲ ಘಮಘಮಿಸುತ್ತಿತ್ತು.

ಚಾಪೆಯ ಮಾಡಿನ ದೋಣಿಯಲ್ಲೂ ದೀಪ ಹಚ್ಚುವಂತಿರಲಿಲ್ಲ. ಇದನ್ನು ಈ ಸಲ ಮೊದಲೇ ಕೇಳಿ ತಿಳಿದಿದ್ದೆ. ದೋಣಿಯವರು ಊಟಕ್ಕೆ ಮೊದಲು ಒಂದು ಕುದ್ರುವಿನ ಪಕ್ಕ ನಿಲ್ಲಿಸಿ, ದಡದ ಮನೆಯವರನ್ನು ಕೇಳಿ ಬಂದರು. ಅವರ ಅಂಗಳದಲ್ಲಿ ಅಪ್ಪನನ್ನು ಮಣೆಯ ಮೇಲೆ ಕೂರಿಸಿ ಅತ್ತೆಯರು ಆರತಿ ಎತ್ತಿದರು. ಆ ಮನೆಯ ಅಜ್ಜಿಯೂ ಹಾಡಿಗೆ ದನಿಗೂಡಿಸಿದರು. ದೊಡ್ಡತ್ತೆ ಇಳಿಯಲು ಹತ್ತು ನಿಮಿಷ, ಹತ್ತಲು ಹತ್ತು ನಿಮಿಷ ತೆಗೆದುಕೊಂಡರು. ಯಾರೂ ಗಡಿಯಾರ ನೋಡಲಿಲ್ಲ.

ಕೊರತೆಗಳೂ ಇವೆ. ದೋಣಿ ತೀರಾ ನಿಧಾನ. ಹಿಂಬದಿ ಕುಳಿತವರಿಗೆ ಡೀಸೆಲ್ ವಾಸನೆ ತಟ್ಟುತ್ತದೆ. ನೀರು ಇಳಿದ ಹೊತ್ತಿನಲ್ಲಿ ಮರಳಿಗೆ ತಗುಲಿ ಇಪ್ಪತ್ತು ನಿಮಿಷ ನಿಂತೆವು. ಯಾಚ್‌ನ ಮುಂದಿನ ತುದಿಯಲ್ಲಿ ನಿಂತು ತೆಗೆಸಿಕೊಂಡಂತಹ ಫೋಟೋ ಇಲ್ಲಿ ಸಿಗಲಿಲ್ಲವೆಂದು ತಂಗಿಯ ಮಗಳಿಗೆ ಬೇಸರ.

ಒಟ್ಟು ಖರ್ಚನ್ನು ಪಕ್ಕಪಕ್ಕ ಬರೆದಾಗ ನಾನು ಬೆರಗಾದೆ. ಗೋವಾದಲ್ಲಿ ವಿಮಾನಕ್ಕೆ 1,28,800, ಎರಡು ರಾತ್ರಿಯ ಹೋಟೆಲ್‌ಗೆ 35,000, ವಾಹನಕ್ಕೆ 9,000, ಜೊತೆಗೆ ಯಾಚ್‌ನ ಖರ್ಚು ಸೇರಿ 2,09,700. ಯಾಚ್‌ನ ಬಾಡಿಗೆಯನ್ನು ಚೌಕಾಶಿ ಮಾಡಿ 2,000 ಇಳಿಸಿದ್ದಕ್ಕೆ ಹಿಗ್ಗಿದ್ದೆ. ಡಿಸೆಂಬರ್‌ನ ವಿಮಾನ ದರ ಅದರ ಹತ್ತಾರು ಪಟ್ಟು ನುಂಗಿತ್ತು. ಉಡುಪಿಯಲ್ಲಿ ರೈಲಿಗೆ 23,000, ಕೋಣೆಗಳಿಗೆ 12,500, ಮಿನಿ ಬಸ್ಸಿಗೆ 6,000, ದೋಣಿ ಮತ್ತು ಹೂವು ಸೇರಿ 71,300.

ಮಂಡಿ ಗಟ್ಟಿಯಿರುವ ಏಳೆಂಟು ಗೆಳೆಯರು, ಹೇಗೂ ಗೋವಾಕ್ಕೆ ಹೋಗುವವರು, ಯಾಚ್ ಹಿಡಿಯಲಿ. ಅಗುವಾಡಾ ಹತ್ತಿರದ ಆ ಬೆಳಕು ನಿಜವಾಗಿಯೂ ಸುಂದರ. ಸಮಯ ಯಾವಾಗಿನಿಂದ ಎಣಿಕೆ, ಪರವಾನಗಿಯಲ್ಲಿರುವ ಜನರ ಸಂಖ್ಯೆ ಸಿಬ್ಬಂದಿಯನ್ನು ಸೇರಿಸಿಯೋ ಬಿಟ್ಟೋ, ಹವಾಮಾನ ಕೆಟ್ಟರೆ ಮುಂಗಡದ ಗತಿಯೇನು ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸೂರ್ಯಾಸ್ತ ಬೇಕಿದ್ದರೆ ಆ ದಿನದ ಕೊನೆಯ ಸರದಿಯನ್ನೇ ಕೇಳಿ.

ಅಮ್ಮನ ಎಪ್ಪತ್ತಕ್ಕೆ ನಾವು ಈಗಲೇ ದಿನ ಹುಡುಕುತ್ತಿದ್ದೇವೆ. ಅವಳ ಜನ್ಮತಿಥಿ ಹುಣ್ಣಿಮೆಯ ಮರುದಿನ. ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಏರುವಷ್ಟೇ ಇಳಿತವೂ ಆಳಕ್ಕೆ ಹೋಗುತ್ತದೆ. ಹಾಗಾಗಿ ಪುರೋಹಿತರಿಗಿಂತ ಮೊದಲು ದೋಣಿಯವರಿಗೆ ಫೋನ್ ಮಾಡಿ, ಆ ದಿನ ಕುದ್ರುವಿನ ಬಳಿ ಎಷ್ಟು ಹೊತ್ತಿಗೆ ನೀರಿರುತ್ತದೆ ಎಂದು ಕೇಳಿದ್ದೇನೆ.