ಶ್ರವಣ ಪರೀಕ್ಷಾ ಕೇಂದ್ರವೊಂದಕ್ಕೆ ನಾಲ್ಕು ಭೇಟಿ

ಈ ಶ್ರವಣ ಪರೀಕ್ಷಾ ಕೇಂದ್ರಕ್ಕೆ ನಾನು ಹೋದದ್ದು ಆರು ವರ್ಷ ತಡವಾಗಿ. ಅಷ್ಟೂ ಕಾಲ ನನ್ನ ಕಿವಿ ಸರಿಯಾಗಿಯೇ ಇದೆ, ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ ಎಂದೇ ವಾದಿಸುತ್ತಿದ್ದೆ. ಯಾರಾದರೂ 'ಸಾಕು' ಎಂದರೆ ನನಗೆ 'ಹಾಕು' ಎಂದು ಕೇಳಿಸುತ್ತಿತ್ತು. ನಾಲ್ಕು ಜನ ಸೇರಿದಲ್ಲಿ ಉಳಿದವರು ನಕ್ಕ ಮೇಲೆ, ಯಾವುದಕ್ಕೆಂದು ತಿಳಿಯದೆಯೇ, ನಾನೂ ನಗುತ್ತಿದ್ದೆ. ಕೊನೆಗೆ ಅಂಥ ಕಡೆ ಹೋಗುವುದನ್ನೇ ಬಿಟ್ಟು, ನನಗೆ ಏಕಾಂತವೇ ಇಷ್ಟ ಎಂದು ಹೇಳಿಕೊಂಡು ತಿರುಗಿದೆ. ಶುದ್ಧ ಸುಳ್ಳು, ಹರಟೆಯೆಂದರೆ ನನಗೆ ಪ್ರಾಣ.

ಮೊದಲು ಮೆಚ್ಚಬೇಕಾದದ್ದು ಅಲ್ಲಿ ಕಿವಿಯ ಕೇಳ್ಮೆ ಪರೀಕ್ಷಿಸುವ ತಜ್ಞರಾದ ಆಡಿಯಾಲಜಿಸ್ಟ್ ಅವರ ತಾಳ್ಮೆಯನ್ನು. ಮನೆಯವರೊಬ್ಬರನ್ನು ಜೊತೆಗೆ ಕರೆತರಬೇಕೆಂದು ಅವರು ಮುಂಚೆಯೇ ತಿಳಿಸಿದ್ದರು. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಿಸುವ ಪರೀಕ್ಷೆ ಮುಗಿದ ಮೇಲೆ, ನನ್ನ ಹೆಂಡತಿಯ ಕೈಗೆ ಪದಗಳ ಪಟ್ಟಿಯೊಂದನ್ನು ಕೊಟ್ಟು, ಅದೇ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ಎಂದಿನ ದನಿಯಲ್ಲಿ ಓದಲು ಹೇಳಿದರು. 20 ಪದಗಳಲ್ಲಿ 11ನ್ನು ಮಾತ್ರ ನಾನು ಸರಿಯಾಗಿ ಹೇಳಿದೆ. ಇಷ್ಟು ದಿನ ನಾನು ಅವಳ ತುಟಿಗಳನ್ನು ನೋಡಿಯೇ ಮಾತು ಊಹಿಸುತ್ತಿದ್ದೆ ಎಂಬುದು ನಮ್ಮಿಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವಳು ಹಾಳೆ ಕೆಳಗಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಯಾವ ಸ್ಥಾಯಿಯ ಸದ್ದು ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆಯಾದ ಆಡಿಯೋಗ್ರಾಮಿನ ಗೆರೆ ಆರಂಭದಲ್ಲಿ ನೆಟ್ಟಗಿದ್ದು, 2,000 ಹರ್ಟ್ಸ್ ದಾಟಿದೊಡನೆ, ಅಂದರೆ ಎತ್ತರದ ಸ್ಥಾಯಿಯ ಸದ್ದುಗಳಲ್ಲಿ, ಇಳಿಜಾರು ಹಿಡಿದಿತ್ತು. ಮಾತಿನ ಗಟ್ಟಿತನ ಹೆಚ್ಚಾಗಿ ಸ್ವರಗಳಲ್ಲಿದ್ದರೆ, ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ 'ಸ', 'ಶ'ದಂಥ ವ್ಯಂಜನಗಳ ಸದ್ದು ಆ ಇಳಿಜಾರಿನ ಕಡೆಗೇ ಬೀಳುತ್ತದೆ. ಹಾಗಾಗಿ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನನ್ನ ಮೊಂಡುವಾದಕ್ಕೆ ಆಸರೆಯಾಗಿದ್ದದ್ದೂ ಇದೇ. ಸದ್ದನ್ನು ಗ್ರಹಿಸುವ ಒಳಕಿವಿಯ ರೋಮಕೋಶಗಳು ಒಂದೊಂದು ಕಿವಿಯಲ್ಲಿ ಸುಮಾರು 15,000 ಇರುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ ಎಂಬುದನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ದುಃಖವಾಯಿತು. ಆದರೆ ಎಲ್ಲರ ಮೇಲೂ ಆರು ವರ್ಷ ಸಿಡಿಮಿಡಿಗೊಂಡ ದಣಿವಿನ ಮುಂದೆ ಆ ದುಃಖ ಹಗುರವಾಗಿಯೇ ಇತ್ತು.

ಶ್ರವಣ ಸಾಧನ ಹಾಕಿಕೊಂಡ ಮೊದಲೆರಡು ವಾರ ಕಾಗದದ ಸರಸರವೂ ನನ್ನದೇ ಹೆಜ್ಜೆಯ ಸಪ್ಪಳವೂ ಕಿವಿಗೆ ಬಡಿಯುತ್ತಿದ್ದವು. ಮಿದುಳು ಹೊಂದಿಕೊಳ್ಳಲು ವಾರಗಳೇ ಬೇಕೆಂದು ಅವರು ಎಚ್ಚರಿಸಿದ್ದರಿಂದ ತೆಗೆದಿಡಲಿಲ್ಲ. ಮೂರನೆಯ ಭೇಟಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ಹದಗೊಳಿಸಿದ ಮೇಲೆ ತೊಂದರೆ ಬಹುಪಾಲು ಕಡಿಮೆಯಾಯಿತು. ಗದ್ದಲದಲ್ಲಿ ಈಗಲೂ ಮಾತು ತಪ್ಪುತ್ತದೆ. ಆದರೆ 'ಇನ್ನೊಮ್ಮೆ ಹೇಳಿ' ಎನ್ನಲು ನನಗೆ ಸಂಕೋಚವಿಲ್ಲ, ನಗುವೂ ಉಳಿದವರ ಜೊತೆಗೇ ಬರುತ್ತದೆ.

ದೂರುಗಳು ಎರಡು. ಸಾಧನ ಹಾಕಿಕೊಳ್ಳುವ, ತೆಗೆಯುವ, ಒರೆಸುವ ಬಗೆ ಕಲಿಸಲು ಇಟ್ಟಿರುವ 20 ನಿಮಿಷ ಏನೇನೂ ಸಾಲದು. ಇನ್ನೊಂದು, ಕಿವಿ ಕೇಳಿಸದವರೇ ತುಂಬಿರುವ ಕಾಯುವ ಕೋಣೆಯಲ್ಲಿ ಸರದಿ ಬಂದವರ ಹೆಸರನ್ನು ದೂರದ ಮೇಜಿನಿಂದ ಕೂಗಿ ಕರೆಯುತ್ತಾರೆ. ಒಂದು ಫಲಕ ಹಾಕಬೇಕೆಂದು ಯಾರಿಗೂ ಹೊಳೆದಿಲ್ಲ.

ನಾಲ್ಕನೆಯ ಭೇಟಿಯಲ್ಲಿ ಹಾಗೆ ಕೂಗಿದ ಹೆಸರು ನನಗೆ ಸ್ಪಷ್ಟವಾಗಿ ಕೇಳಿಸಿತು. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ನನ್ನ ಪಕ್ಕದಲ್ಲಿದ್ದ ಹಿರಿಯರನ್ನು ಅವರ ಮಗಳು ಮೆಲ್ಲಗೆ ಮುಟ್ಟಿ, "ಅಪ್ಪಾ, ನಿಮ್ಮನ್ನೇ ಕರೀತಿದ್ದಾರೆ" ಎಂದಳು. "ಕೇಳಿಸ್ತಮ್ಮ, ಅಷ್ಟೇನು ಅವಸರ?" ಎನ್ನುತ್ತ ಅವರು ಎದ್ದರು.