2012ರ ಮ್ಯಾಕ್‌ಬುಕ್‌ಗೆ ಸೊನೋಮಾ ಹಾಕಿದ ಕಥೆ: ಓಪನ್‌ಕೋರ್ ಲೆಗಸಿ ಪ್ಯಾಚರ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಆ್ಯಪಲ್ ಕೈಬಿಟ್ಟ ಹಳೆಯ ಮ್ಯಾಕ್‌ಗಳಿಗೆ ಸೊನೋಮಾದಂಥ ಹೊಸ ಮ್ಯಾಕ್‌ಓಎಸ್ (ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂ) ಹಾಕಿಕೊಡುವ ಓಪನ್‌ಕೋರ್ ಲೆಗಸಿ ಪ್ಯಾಚರ್ ಬಹಳ ಒಳ್ಳೆಯ ಸಾಫ್ಟ್‌ವೇರ್, ದುಡ್ಡು ಕೊಡಬೇಕಾಗಿಲ್ಲ, ಹೇಳಿದ ಕೆಲಸ ಮಾಡುತ್ತದೆ. ಆದರೆ ಒಂದು ಸಲ ಹಾಕಿ ಕೈತೊಳೆದುಕೊಳ್ಳುವಂಥದ್ದಲ್ಲ. ಈ ಎರಡನೇ ಮಾತು ನನಗೆ ತಲೆಗೆ ಹೋಗಲು ಎಂಟು ತಿಂಗಳು ಬೇಕಾಯಿತು, ಅದೂ ತಂಗಿಯಿಂದ.

ನನ್ನದು 2012ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ. ರೆಟಿನಾ ಪರದೆ ಇಲ್ಲದ, ಪಕ್ಕದಲ್ಲಿ ಡಿವಿಡಿ ಡ್ರೈವ್ ಇರುವ ದಪ್ಪನೆಯದು. ಈ ಮಾದರಿಯನ್ನು ಆ್ಯಪಲ್ 2016ರವರೆಗೂ ಮಾರುತ್ತಿತ್ತು. ಅಷ್ಟಾದರೂ ಅಧಿಕೃತವಾಗಿ ಇದಕ್ಕೆ ಸಿಕ್ಕ ಕೊನೆಯ ಆಪರೇಟಿಂಗ್ ಸಿಸ್ಟಂ 2019ರ ಕ್ಯಾಟಲಿನಾ. 2022ಕ್ಕೆ ಅದರ ಭದ್ರತಾ ಅಪ್‌ಡೇಟ್ ಕೂಡ ನಿಂತುಹೋಯಿತು. ಅಲ್ಲಿಯವರೆಗೂ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಕ್ರೋಮ್ ಕೂಡ 129ನೇ ಆವೃತ್ತಿಯಿಂದ ಕ್ಯಾಟಲಿನಾಗೆ ಬರುವುದಿಲ್ಲ ಅಂತಾಯಿತು, ದಿನಾ ಬ್ರೌಸರ್ ತೆರೆದಾಗಲೆಲ್ಲ ಮೇಲೊಂದು ಪಟ್ಟಿ ಬಂದು ನಿಮ್ಮ ಸಿಸ್ಟಂ ಹಳೆಯದು ಎಂದು ಹೇಳತೊಡಗಿತು. ಗಟ್ಟಿಮುಟ್ಟಾಗಿರುವ ಮಷೀನು. ಕೀಬೋರ್ಡ್ ಇವತ್ತಿಗೂ ಹೊಸದರ ಹಾಗಿದೆ. ಇದನ್ನು ಬಿಸಾಡಲು ಮನಸ್ಸು ಬರುತ್ತದಾ, ಹೇಳಿ?

ಪ್ಯಾಚರ್ ಮಾಡಿದವರು ಡೋರ್ಟೇನಿಯಾ ಎನ್ನುವ ಸ್ವಯಂಸೇವಕರ ಗುಂಪು. ಅದರ ಅಡಿಯಲ್ಲಿರುವ ಓಪನ್‌ಕೋರ್ ಬೂಟ್‌ಲೋಡರ್, ಅಂದರೆ ಆನ್ ಮಾಡಿದಾಗ ಸಿಸ್ಟಮನ್ನು ಎಬ್ಬಿಸುವ ಸಾಫ್ಟ್‌ವೇರ್, ಅಸಿಡಾಂತೆರಾ ಎಂಬ ಇನ್ನೊಂದು ಗುಂಪಿನದ್ದು. ಬಿಗ್ ಸರ್ ಮತ್ತು ಅದರ ನಂತರದ ಮ್ಯಾಕ್‌ಓಎಸ್‌ಗಳನ್ನು 2007ರಷ್ಟು ಹಳೆಯ ಮ್ಯಾಕ್‌ಗಳವರೆಗೆ ಎಳೆದು ತರುವುದು ಇವರ ಕೆಲಸ. ಕಂಪ್ಯೂಟರಿನ ಬೋರ್ಡಿನಲ್ಲೇ ಕೂತಿರುವ ಮೂಲ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರನ್ನು ಇದು ಮುಟ್ಟುವುದಿಲ್ಲ. ಡಿಸ್ಕಿನ ಇಎಫ್‌ಐ ಎನ್ನುವ ಪುಟ್ಟ ಭಾಗದಲ್ಲಿ ಕೂತು, ಮ್ಯಾಕ್‌ಓಎಸ್ ಏಳುವ ಮೊದಲೇ ತಾನು ಎದ್ದು, ಬೇಕಾದ ಡ್ರೈವರ್‌ಗಳನ್ನು ಮೆಮೊರಿಯಲ್ಲೇ ಸೇರಿಸಿಬಿಡುತ್ತದೆ. ಜೊತೆಗೆ ಒಂದು ಸುಳ್ಳನ್ನೂ ಹೇಳುತ್ತದೆ: ನೀನೀಗ ಓಡುತ್ತಿರುವುದು ಒಂದು ವರ್ಚುವಲ್ ಮಷೀನಿನ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರಿನ) ಒಳಗೆ, ಅಂತ. ಪಾಪ ಮ್ಯಾಕ್‌ಓಎಸ್ ಅದನ್ನು ನಂಬಿ, ಬೆಂಬಲವೇ ಇಲ್ಲದ ಮಷೀನಿಗೂ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ತೋರಿಸುತ್ತದೆ. ಇದು ವರವೋ ಶಾಪವೋ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಇದಕ್ಕಿಂತ ಮಜಾ ಅನ್ನಿಸಿದ್ದು ಇನ್ನೊಂದು. 2022ರ ವೆಂಚುರಾದಿಂದ ಮ್ಯಾಕ್‌ಓಎಸ್‌ಗೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಎಂಬ ಸೂಚನೆಗಳ ಕಂತೆ ಇರಲೇಬೇಕು. ಇಂಟೆಲ್ ಅದನ್ನು ತಂದಿದ್ದು 2013ರ ಹ್ಯಾಸ್‌ವೆಲ್‌ನಲ್ಲಿ. ನನ್ನದು ಅದಕ್ಕೆ ಒಂದು ತಲೆಮಾರು ಹಿಂದಿನ ಐವಿ ಬ್ರಿಡ್ಜ್. ಅಂದರೆ ಕಥೆ ಮುಗಿಯಬೇಕಿತ್ತು. ಆದರೆ ಇಂಟೆಲ್ ಬಿಟ್ಟು ಆ್ಯಪಲ್ ತನ್ನದೇ ಪ್ರೊಸೆಸರ್ ಹಾಕಿದ ಹೊಸ ಎಂ1 ಮ್ಯಾಕ್‌ಗಳಲ್ಲಿ ಹಳೆಯ ಇಂಟೆಲ್ ಆ್ಯಪ್‌ಗಳನ್ನು ಓಡಿಸುವ ರೊಸೆಟಾ ಇದೆಯಲ್ಲ, ಅದಕ್ಕೂ ಆಗ ಎವಿಎಕ್ಸ್2 ಬರುತ್ತಿರಲಿಲ್ಲ. ಹಾಗಾಗಿ ಎವಿಎಕ್ಸ್2 ಬೇಡದ ಫೈಲ್‌ಗಳ ಒಂದು ಕಟ್ಟು ಆ್ಯಪಲ್‌ನದ್ದೇ ಇನ್‌ಸ್ಟಾಲರ್ ಒಳಗೆ ಕೂತಿತ್ತು. ಪ್ಯಾಚರ್ ಆ ಕಟ್ಟನ್ನೇ ಎತ್ತಿ ಹಳೆಯ ಇಂಟೆಲ್ ಮ್ಯಾಕ್‌ಗೆ ಹಾಕಿಸುತ್ತದೆ. ಹೊಸ ಮಷೀನಿಗಾಗಿ ಮಾಡಿದ ವ್ಯವಸ್ಥೆಯಿಂದ ಹಳೇ ಮಷೀನು ಬದುಕಿಕೊಂಡಿತು. ಇದನ್ನು ಕಂಡುಹಿಡಿದವರ ತಲೆಗೆ ಏನು ಕೊಟ್ಟರೂ ಕಡಿಮೆಯೇ.

ಇನ್ನು ಇನ್‌ಸ್ಟಾಲ್ ಮಾಡುವ ವಿಷಯ. ಶುರು ಮಾಡುವ ಮೊದಲು ಮೆಮೊರಿಯನ್ನು 16 ಜಿಬಿ ಮಾಡಿಕೊಂಡೆ, ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ. ಈ ಮಾದರಿಯಲ್ಲಿ ಕೆಳಗಿನ 10 ಸ್ಕ್ರೂ ಬಿಚ್ಚಿದರೆ ಎಲ್ಲವೂ ಕೈಗೆ ಸಿಗುತ್ತದೆ. ಆ್ಯಪಲ್ ಹೇಳುವುದು 8 ಜಿಬಿವರೆಗೆ ಅಂತ, 16 ಹಾಕಿದರೂ ಕೆಲಸ ಮಾಡುತ್ತದೆ. ಹಾರ್ಡ್‌ಡಿಸ್ಕ್ ಮೇಲೆ ಹೊಸ ಮ್ಯಾಕ್‌ಓಎಸ್ ಹಾಕುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಪ್ಯಾಚರ್ ತೆರೆದರೆ ನಾಲ್ಕೇ ನಾಲ್ಕು ದೊಡ್ಡ ಬಟನ್. ಮೊದಲು ಅದರಲ್ಲೇ ಮ್ಯಾಕ್‌ಓಎಸ್ ಇನ್‌ಸ್ಟಾಲರ್ ಇಳಿಸಿಕೊಳ್ಳಬೇಕು, ಅದು ಆ್ಯಪಲ್‌ನ ಸರ್ವರ್‌ನಿಂದಲೇ ಬರುತ್ತದೆ. ಆಮೇಲೆ ಕನಿಷ್ಠ 16 ಜಿಬಿಯ ಪೆನ್‌ಡ್ರೈವ್‌ಗೆ ಬರೆಯಬೇಕು. ನಂತರ ಓಪನ್‌ಕೋರನ್ನು ಕಟ್ಟಿ ಅದೇ ಪೆನ್‌ಡ್ರೈವ್‌ಗೆ ಹಾಕಬೇಕು. ಮಷೀನ್ ಆಫ್ ಮಾಡಿ, ಆಪ್ಷನ್ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಡ್ರೈವ್‌ಗಳ ಸಾಲಿನಲ್ಲಿ ಇಎಫ್‌ಐ ಬೂಟ್ ಅಂತ ಒಂದು ಚಿತ್ರ ಕಾಣುತ್ತದೆ. ಮೊದಲು ಅದನ್ನು ಆರಿಸಿ, ಆಮೇಲೆ ಇನ್‌ಸ್ಟಾಲರ್ ಆರಿಸಬೇಕು. ಬಹಳ ಜನ ಆತುರದಲ್ಲಿ ನೇರ ಇನ್‌ಸ್ಟಾಲರ್ ಮೇಲೆ ಒತ್ತುತ್ತಾರೆ. ಆಗ ಪರದೆಯ ಮೇಲೆ ಅಡ್ಡಗೆರೆ ಎಳೆದ ವೃತ್ತ ಬರುತ್ತದೆ, ಅಷ್ಟೇ.

ನನಗೆ ಮೊದಲ ದಿನವೇ ಏಟು ಬಿತ್ತು. ಇನ್‌ಸ್ಟಾಲ್ ಅರ್ಧಕ್ಕೆ ಬಂದು ನಿಂತಿತು. ಮತ್ತೆ ಮಾಡಿದೆ, ಈ ಸಲ ಇನ್ನೂ ಮೊದಲೇ ನಿಂತಿತು. ಮೂರನೇ ಸಲ ಡಿಸ್ಕನ್ನೇ ಕಾಣುತ್ತಿಲ್ಲ ಎಂದಿತು. ಪ್ಯಾಚರ್‌ಗೆ ಬಾಯಿಗೆ ಬಂದಂತೆ ಬೈದೆ, ಆವೃತ್ತಿ ಬದಲಿಸಿದೆ, ಪೆನ್‌ಡ್ರೈವ್ ಬದಲಿಸಿದೆ, ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಸುಮ್ನೆ ನೋಡೋಣ ಎಂದು ಎಸ್‌ಎಸ್‌ಡಿಯನ್ನು ಹೊರತೆಗೆದು, ಯುಎಸ್‌ಬಿ ಕೇಸಿನಲ್ಲಿಟ್ಟು ಹೊರಗಿನಿಂದಲೇ ಜೋಡಿಸಿದೆ. ಒಂದೇ ಸಲಕ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇನ್‌ಸ್ಟಾಲ್ ಆಯಿತು! ತೊಂದರೆ ಇದ್ದಿದ್ದು ಡಿಸ್ಕನ್ನು ಬೋರ್ಡಿಗೆ ಜೋಡಿಸುವ ತೆಳ್ಳನೆಯ ಕೇಬಲ್‌ನಲ್ಲಿ. ವರ್ಷಗಟ್ಟಲೆ ಮಡಚಿಕೊಂಡು ಕೂತು ಸವೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಾನು ಪ್ಯಾಚರನ್ನು ಬೈದಿದ್ದೇ ಬೈದಿದ್ದು. ಕೇಬಲ್ ಬದಲಿಸಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ನಿಮ್ಮ 13 ಇಂಚಿನದ್ದೂ ಇದೇ ಮಾದರಿಯಾಗಿದ್ದರೆ ಮೊದಲು ಆ ಕೇಬಲ್ ನೋಡಿ, ಆಮೇಲೆ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ.

ಸೊನೋಮಾ ಮೊದಲ ಸಲ ತೆರೆದಾಗ ಗಾಬರಿಯಾಗಬೇಡಿ. ಕಿಟಕಿಯನ್ನು ಎಳೆದರೆ ಒಂದು ಸೆಕೆಂಡು ಬಿಟ್ಟು ಹಿಂದೆ ಬರುತ್ತದೆ. ಡಾಕ್, ಅಂದರೆ ಪರದೆಯ ಕೆಳಗಿನ ಆ್ಯಪ್‌ಗಳ ಸಾಲು, ಗಾಜಿನ ಹಾಗಿರುವ ಬದಲು ಬೂದು ಬಣ್ಣದ ಹಲಗೆಯ ಹಾಗಿರುತ್ತದೆ. ಬೆಳಕು ಕಡಿಮೆ ಮಾಡುವ ಕೀ ಒತ್ತಿದರೆ ಏನೂ ಆಗುವುದಿಲ್ಲ. ವೈಫೈ ಇಲ್ಲವೇ ಇಲ್ಲ. ಯಾಕೆಂದರೆ ಈ ಮಷೀನಿನ ಎಚ್‌ಡಿ 4000 ಗ್ರಾಫಿಕ್ಸ್‌ನ ಡ್ರೈವರನ್ನು ಆ್ಯಪಲ್ 2021ರ ಮಾಂಟೆರೆಯಲ್ಲೇ ತೆಗೆದುಹಾಕಿದೆ, ಹಳೆಯ ಬ್ರಾಡ್‌ಕಾಮ್ ವೈಫೈ ಡ್ರೈವರನ್ನು 2023ರ ಸೊನೋಮಾದಲ್ಲಿ ತೆಗೆದಿದೆ. ಅವೆರಡನ್ನೂ ವಾಪಸ್ ಸಿಸ್ಟಂ ಒಳಗೆ ತುರುಕುವುದೇ ರೂಟ್ ಪ್ಯಾಚ್. ಪ್ಯಾಚರ್ ತಾನಾಗಿಯೇ ಅದನ್ನು ಮಾಡಲು ನೋಡುತ್ತದೆ, ಆದರೆ ಕೆಲವು ಫೈಲ್‌ಗಳು ಇಂಟರ್ನೆಟ್‌ನಿಂದ ಬರಬೇಕು. ವೈಫೈ ಇಲ್ಲದೆ ಇಂಟರ್ನೆಟ್ ಎಲ್ಲಿಂದ? ಇಲ್ಲಿ ಹಳೆಯ ಮ್ಯಾಕ್‌ಬುಕ್‌ನ ಎದೆ ಉಬ್ಬುತ್ತದೆ ನೋಡಿ, ಅದರ ಪಕ್ಕದಲ್ಲೇ ಈಥರ್ನೆಟ್ ಕಿಂಡಿ ಇದೆ. ರೂಟರ್‌ನಿಂದ ಒಂದು ವೈರ್ ಎಳೆದು ಚುಚ್ಚಿದೆ. ರೂಟ್ ಪ್ಯಾಚ್ ಬಟನ್ ಒತ್ತಿ ಪಾಸ್‌ವರ್ಡ್ ಕೊಟ್ಟೆ, ಸಾಲು ಸಾಲಾಗಿ ಅಕ್ಷರಗಳು ಓಡಿದವು, ರೀಸ್ಟಾರ್ಟ್ ಕೇಳಿತು. ಎದ್ದು ಬಂದಾಗ ಡಾಕ್ ಹಿಂದಿನ ಚಿತ್ರ ಮಸುಕಾಗಿ ಹೊಳೆಯುತ್ತಿತ್ತು, ಬೆರಳು ಸರಿಸಿದರೆ ಪುಟ ಹಿಂದೆಯೇ ಸರಿಯುತ್ತಿತ್ತು. ಹನ್ನೆರಡು ವರ್ಷ ಹಳೆಯ ಮಷೀನು ಅಂತ ಪಕ್ಕದವರಿಗೆ ಹೇಳಿದರೆ ನಂಬುವುದಿಲ್ಲ.

ಒಂದು ಎಚ್ಚರಿಕೆ. ಎಲ್ಲ ಸರಿಯಾಯಿತು ಎಂದು ಪೆನ್‌ಡ್ರೈವ್ ಕಿತ್ತುಬಿಟ್ಟು, ಮಾರನೇ ದಿನ ಆನ್ ಮಾಡಿದರೆ ಮತ್ತೆ ಅದೇ ಅಡ್ಡಗೆರೆಯ ವೃತ್ತ ಬರಬಹುದು. ಓಪನ್‌ಕೋರ್ ಇನ್ನೂ ಪೆನ್‌ಡ್ರೈವ್‌ನಲ್ಲೇ ಇರುತ್ತದೆ, ಅದನ್ನು ಒಳಗಿನ ಡಿಸ್ಕ್‌ಗೂ ಬರೆಯಬೇಕು. ನಾನೂ ಮರೆತಿದ್ದೆ.

ದಿನದ ಬಳಕೆಗೆ ಹೇಗಿದೆ? ಬರವಣಿಗೆ, ಇಮೇಲ್, ಹತ್ತಿಪ್ಪತ್ತು ಟ್ಯಾಬ್ ತೆರೆದ ಬ್ರೌಸರ್, ವಿಡಿಯೋ ಕಾಲ್, ಎಲ್ಲಕ್ಕೂ ಸಾಕು. ಮೊದಲ ಒಂದೆರಡು ದಿನ ಮ್ಯಾಕ್‌ನ ಹುಡುಕು ಸೌಲಭ್ಯ ಸ್ಪಾಟ್‌ಲೈಟ್ ಎಲ್ಲ ಫೈಲ್‌ಗಳನ್ನೂ ಎಣಿಸುವಾಗ ಫ್ಯಾನ್ ಕಿರುಚುತ್ತದೆ, ಆಮೇಲೆ ಸುಮ್ಮನಾಗುತ್ತದೆ. 1080ಪಿ ವಿಡಿಯೋ ಪರವಾಗಿಲ್ಲ, 4ಕೆ ಬೇಡ, ಇದರ ಗ್ರಾಫಿಕ್ಸ್‌ಗೆ ಹೊಸ ವಿಡಿಯೋ ಕೋಡೆಕ್‌ಗಳು (ವಿಡಿಯೋ ಕುಗ್ಗಿಸಿಡುವ ವಿಧಾನಗಳು) ಬರುವುದಿಲ್ಲ. ಎವಿಎಕ್ಸ್2 ಬೇಕೇ ಬೇಕು ಎನ್ನುವ ಆ್ಯಪ್‌ಗಳು ತೆರೆದ ತಕ್ಷಣ ಮುಚ್ಚಿಕೊಳ್ಳುತ್ತವೆ. ಸೊನೋಮಾದ ಮುಂದಿನ ಆವೃತ್ತಿ ಸೆಕೋಯಾವನ್ನೂ ಹಾಕಿ ನೋಡಿದೆ, 2024ರ ಸೆಪ್ಟೆಂಬರ್‌ನಲ್ಲಿ ಪ್ಯಾಚರ್‌ನ 2.0 ಆವೃತ್ತಿಯಿಂದ ಅದಕ್ಕೂ ಬೆಂಬಲ ಬಂತು. ಆದರೆ ಅದರಲ್ಲಿ ಹೆಸರು ಮಾಡಿದ ಐಫೋನ್ ಮಿರರಿಂಗ್‌ಗೆ (ಫೋನಿನ ಪರದೆಯನ್ನು ಮ್ಯಾಕ್‌ನಲ್ಲಿ ತೋರಿಸುವುದು) ಆ್ಯಪಲ್‌ನ ಟಿ2 ಭದ್ರತಾ ಚಿಪ್ ಅಥವಾ ಆ್ಯಪಲ್ ಸಿಲಿಕಾನ್ (ಎಂ1ರಂಥ ಆ್ಯಪಲ್‌ನದ್ದೇ ಪ್ರೊಸೆಸರ್) ಬೇಕು, ಎಐ ಸೌಲಭ್ಯವಾದ ಆ್ಯಪಲ್ ಇಂಟೆಲಿಜೆನ್ಸ್‌ಗೆ ಕನಿಷ್ಠ ಎಂ1 ಬೇಕು. ನನಗೆ ಅದರಿಂದ ಸಿಕ್ಕಿದ್ದು ಹೊಸ ವಾಲ್‌ಪೇಪರ್ ಮಾತ್ರ. ಸೊನೋಮಾಗೇ ವಾಪಸ್ ಬಂದೆ. ಆ್ಯಪಲ್ ಸಾಮಾನ್ಯವಾಗಿ ಇತ್ತೀಚಿನ ಮೂರು ಆವೃತ್ತಿಗಳಿಗೆ ಭದ್ರತಾ ಅಪ್‌ಡೇಟ್ ಕೊಡುತ್ತದೆ. ಹಾಗಾಗಿ ತೀರಾ ಹೊಸದರ ಹಿಂದೆ ಓಡದೆ, ಅಪ್‌ಡೇಟ್ ಬರುತ್ತಿರುವವುಗಳಲ್ಲಿ ಹಳೆಯದನ್ನು ಹಾಕಿಕೊಳ್ಳುವುದು ನನ್ನ ಲೆಕ್ಕ.

ಭದ್ರತೆ ಎಂದೆನಲ್ಲ, ಅಲ್ಲೊಂದು ತಮಾಷೆ ಇದೆ. ಬಿಗ್ ಸರ್‌ನಿಂದೀಚೆಗೆ ಮ್ಯಾಕ್‌ಓಎಸ್‌ನ ಸಿಸ್ಟಂ ಭಾಗಕ್ಕೆ ಆ್ಯಪಲ್ ಒಂದು ಮುದ್ರೆ ಒತ್ತಿರುತ್ತದೆ, ಯಾರಾದರೂ ಒಳಗೆ ಕೈಯಾಡಿಸಿದರೆ ಗೊತ್ತಾಗಲಿ ಅಂತ. ರೂಟ್ ಪ್ಯಾಚ್ ಹಾಕಿದಾಗ ಆ ಮುದ್ರೆ ಒಡೆಯುತ್ತದೆ, ಎಸ್‌ಐಪಿ ಎನ್ನುವ ಇನ್ನೊಂದು ಕಾವಲನ್ನೂ ಸ್ವಲ್ಪ ಸಡಿಲಿಸಬೇಕು. ಅಂದರೆ ಮನೆಗೆ ಹೊಸ ಬೀಗ ತರಲು ಹೋಗಿ ಬಾಗಿಲ ಚಿಲಕ ಬಿಚ್ಚಿಟ್ಟ ಹಾಗೆ. ಅಪ್‌ಡೇಟೇ ಬಾರದ ಕ್ಯಾಟಲಿನಾ, ಹಳೆಯ ಬ್ರೌಸರ್ ಇಟ್ಟುಕೊಂಡು ಕೂರುವುದಕ್ಕಿಂತ ಇದು ಮೇಲು ಎಂದು ನನಗನ್ನಿಸುತ್ತದೆ, ಆದರೆ ಬ್ಯಾಂಕಿನ ಕೆಲಸವನ್ನು ನಾನು ಇದರಲ್ಲಿ ಮಾಡುವುದಿಲ್ಲ. ಮುದ್ರೆ ಒಡೆದಿದ್ದಕ್ಕೆ ಇನ್ನೊಂದು ದಂಡವೂ ಇದೆ. ಚಿಕ್ಕ ಅಪ್‌ಡೇಟ್ ಆದರೂ ಪೂರ್ತಿ ಸಿಸ್ಟಮ್ಮೇ ಇಳಿಯುತ್ತದೆ, ಪ್ರತಿ ಸಲ 12 ಜಿಬಿ ಹತ್ತಿರ. ಮತ್ತು ಪ್ರತಿ ಅಪ್‌ಡೇಟ್ ಆದ ಮೇಲೂ ನಮ್ಮ ರೂಟ್ ಪ್ಯಾಚ್ ಅಳಿಸಿಹೋಗುತ್ತದೆ.

ತಂಗಿಯ ಕಥೆ ಇಲ್ಲಿಗೇ ಬಂತು. ಅವಳ ಲ್ಯಾಪ್‌ಟಾಪ್ ಕೆಟ್ಟಿತ್ತು, ಇದನ್ನು ಕೊಟ್ಟೆ. ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತು. ಒಂದು ಬೆಳಿಗ್ಗೆ ಫೋನ್.

“ಅಣ್ಣಾ, ಇದಕ್ಕೆ ಲಕ್ವ ಹೊಡೆದ ಹಾಗಿದೆ. ವೈಫೈನೂ ಇಲ್ಲ.”

“ರಾತ್ರಿ ಏನಾದ್ರೂ ಅಪ್‌ಡೇಟ್ ಒತ್ತಿದ್ಯಾ?”

“ಅದೇ ಕೇಳ್ತು, ಒತ್ತಿದೆ. ಬೆಳಿಗ್ಗೆ ಇನ್ನೊಂದೇನೋ ಪ್ಯಾಚ್ ಹಾಕ್ಲಾ ಅಂತ ಕೇಳ್ತು. ವೈರಸ್ ಇರಬೇಕು ಅಂತ ಕ್ಯಾನ್ಸಲ್ ಮಾಡಿದೆ.”

ತಪ್ಪು ಅವಳದ್ದಲ್ಲ. ಗೊತ್ತಿಲ್ಲದ್ದು ಏನಾದರೂ ಕೇಳಿದರೆ ಬೇಡ ಅನ್ನು ಎಂದು ಹೇಳಿಕೊಟ್ಟವನು ನಾನೇ. ತಾನಾಗಿ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿ ಕೊಡಬೇಕಿತ್ತು, ಮರೆತೆ. ಕೇಬಲ್ ಎಲ್ಲಿದೆ, ಯಾವ ಕಿಂಡಿಗೆ ಹಾಕಬೇಕು, ಯಾವ ಬಟನ್ ಎಂದು ಫೋನಿನಲ್ಲೇ ಹೇಳಿ ಸರಿಮಾಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಪ್ಯಾಚರ್ ಪಾಲಿನ ಕೆಲಸವನ್ನು ಅದು ಸರಿಯಾಗಿಯೇ ಮಾಡಿತ್ತು, ಏನು ತಪ್ಪಿದೆ ಎಂದು ಕಂಡುಹಿಡಿದು ಕೇಳಿಯೂ ಇತ್ತು. ಆದರೆ ಆ ಪ್ರಶ್ನೆ ಅರ್ಥವಾಗುವುದು ಪ್ಯಾಚ್ ಹಾಕಿದವನಿಗೆ ಮಾತ್ರ ಅಲ್ವಾ?

ವಿಂಡೋಸ್ ಕಡೆ ಇಷ್ಟು ಗೋಳಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ಇನ್ನೊಂದು ಹಳೆಯ ಲ್ಯಾಪ್‌ಟಾಪ್‌ಗೆ, ಇಂಟೆಲ್ 6ನೇ ತಲೆಮಾರಿನದು, ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಎಂಬ ಸಾಫ್ಟ್‌ವೇರ್ ಬಳಸಿ ವಿಂಡೋಸ್ 11 ಹಾಕಿದೆ. ಪೆನ್‌ಡ್ರೈವ್ ಮಾಡುವಾಗ ಅದೇ ಒಂದು ಚಿಕ್ಕ ಕಿಟಕಿ ತೆರೆದು ವಿಂಡೋಸ್ 11 ಕೇಳುವ ಟಿಪಿಎಂ (ಭದ್ರತಾ ಚಿಪ್), ಸೆಕ್ಯೂರ್ ಬೂಟ್, 4 ಜಿಬಿ ಮೆಮೊರಿಯ ನಿಯಮ ತೆಗೆಯಲಾ ಎಂದು ಕೇಳುತ್ತದೆ. ಟಿಕ್ ಮಾಡಿದರೆ ಆಯಿತು, ಡ್ರೈವರ್ ತುರುಕುವ ಗೊಡವೆ ಇಲ್ಲ. ತಿಂಗಳ ಅಪ್‌ಡೇಟ್‌ಗಳು ಬರುತ್ತಿವೆ, ಕೊಟ್ಟೇ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ ಅಷ್ಟೇ. ವರ್ಷದ ದೊಡ್ಡ ಆವೃತ್ತಿಯನ್ನು ಮಾತ್ರ ನಾವೇ ಕೈಯಾರೆ ಹಾಕಿಕೊಳ್ಳಬೇಕು. ಕೋರ್ 2 ಡ್ಯೂಯೋ ಕಾಲದ ಮಷೀನ್ ಇದ್ದರೆ ಆಸೆ ಬಿಡಿ, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಎಂಬ ಸೂಚನೆ ಇಲ್ಲದ ಪ್ರೊಸೆಸರ್‌ನಲ್ಲಿ ಅದು ಬೂಟೇ ಆಗುವುದಿಲ್ಲ. ಬರೀ ಬ್ರೌಸರ್ ಸಾಕು ಎನ್ನುವವರಾದರೆ ಇದ್ಯಾವುದೂ ಬೇಡ, ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಆರಾಮಾಗಿರಿ.

ಮ್ಯಾಕ್‌ನ ಈ ದಾರಿಗೂ ಕೊನೆ ಕಾಣುತ್ತಿದೆ. 2025ರ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆ್ಯಪಲ್ ಹೇಳಿಯಾಗಿದೆ. ಅದರಾಚೆ ಇಂಟೆಲ್‌ಗಾಗಿ ಮ್ಯಾಕ್‌ಓಎಸ್ಸೇ ಇಲ್ಲದಿದ್ದರೆ ಪ್ಯಾಚರ್ ಹಾಕುವುದಾದರೂ ಯಾವುದಕ್ಕೆ?

ಅಂಕ ಕೊಡಿ ಅಂದರೆ ನನ್ನ ಕೈಯಲ್ಲಿದ್ದಾಗ ಐದಕ್ಕೆ ನಾಲ್ಕೂವರೆ, ತಂಗಿಯ ಕೈಯಲ್ಲಿದ್ದಾಗ ಎರಡು. ಮಷೀನು ಈಗಲೂ ಅವಳ ಹತ್ತಿರವೇ ಇದೆ. ತಾನಾಗಿ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿದ್ದೇನೆ, ಈಥರ್ನೆಟ್ ಕೇಬಲ್ಲನ್ನು ಬ್ಯಾಗಿನಲ್ಲೇ ಇಟ್ಟಿದ್ದೇನೆ, ಟ್ರ್ಯಾಕ್‌ಪ್ಯಾಡ್ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: “ಅಪ್‌ಡೇಟ್ ಕೇಳಿದರೆ ಬೇಡ. ಪ್ಯಾಚ್ ಕೇಳಿದರೆ ಬೇಕು.” ಅದರ ಕೆಳಗೆ ಅವಳು ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ, “ಎರಡೂ ಕೇಳಿದರೆ ಅಣ್ಣ.”