ರಂಗತಂತ್ರ ಕಲಿಯಲೆಂದು ₹45,000 ಕಟ್ಟಿ ಮೋಸಹೋದೆ: ಹಣ ಕಳಿಸುವ ಮುನ್ನ ದಯವಿಟ್ಟು ಓದಿ

ಕಳೆದ ಭಾನುವಾರದಿಂದ ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಮತ್ತೆ ಓಡಾಡುತ್ತಿದೆ. ಶನಿವಾರ, ಭಾನುವಾರ ಮಾತ್ರ ನಡೆಯುವ ಹನ್ನೆರಡು ವಾರಗಳ ಉನ್ನತ ರಂಗತಂತ್ರ ತರಬೇತಿ ಎಂದೂ, ಬೆಳಕು, ಧ್ವನಿ, ರಂಗಸಜ್ಜಿಕೆ, ರಿಗ್ಗಿಂಗ್ (ಲೈಟು, ಪರದೆಗಳನ್ನು ಮೇಲೆ ತೂಗುಹಾಕುವ ಕೆಲಸ), ರಂಗ ನಿರ್ವಹಣೆ ಎಲ್ಲವನ್ನೂ ಕೈಯಾರೆ ಮಾಡಿಸಿ ಕಲಿಸುತ್ತೇವೆ ಎಂದೂ ಅದರಲ್ಲಿದೆ. ಈ ತರಬೇತಿಯ ಹಿಂದಿನ ಬ್ಯಾಚ್‌ನಲ್ಲಿ ಇದಕ್ಕೆ ತಲಾ ₹45,000 ಕಟ್ಟಿದ ಹನ್ನೊಂದು ಜನರಲ್ಲಿ ನಾನೂ ಒಬ್ಬಳು. ಇಷ್ಟು ದಿನ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಅದೇ ಪೋಸ್ಟರ್, ಅದೇ ಫೋಟೋ ಮತ್ತೆ ಬಂದುದನ್ನು ಕಂಡ ಮೇಲೆ ಸುಮ್ಮನಿರುವುದು ತಪ್ಪೆನಿಸಿತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಆರು ವರ್ಷಗಳಿಂದ ಒಂದು ಹವ್ಯಾಸಿ ತಂಡದ ನಾಟಕಗಳಿಗೆ ಬೆಳಕು ನಿರ್ವಹಿಸುತ್ತಿದ್ದೇನೆ. ನಮ್ಮ ಊರಿನಲ್ಲಿ ನಟನೆ ಕಲಿಸುವವರಿಗೆ ಕೊರತೆಯಿಲ್ಲ, ಆದರೆ ನೇಪಥ್ಯದ ಕೆಲಸವನ್ನು ಕ್ರಮವಾಗಿ ಕಲಿಸುವವರು ವಿರಳ. ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ, ಆದರೆ ಅಲ್ಲಿಯೇ ಉಳಿದು ಕಲಿಯಬೇಕು. ನೌಕರಿ, ಮನೆ ಬಿಟ್ಟು ಹೋಗಲಾರದ ನನ್ನಂಥವರಿಗೆ ವಾರಾಂತ್ಯದ ತರಗತಿ ಎಂಬ ಮಾತೇ ದೊಡ್ಡ ಆಸೆ ಹುಟ್ಟಿಸುತ್ತದೆ. ಆ ಆಸೆಯನ್ನು ಈ ತರಬೇತಿ ನಡೆಸುವವರು ಚೆನ್ನಾಗಿ ಬಲ್ಲರು.

ಹಣ ಕಟ್ಟುವ ಮೊದಲು ಹಾಲ್ ನೋಡಬಹುದೇ ಎಂದು ನಾನು ಕೇಳಿದ್ದೆ. ಕೇಳಿದ್ದೆ ಎಂಬುದನ್ನು ಒತ್ತಿ ಹೇಳುತ್ತೇನೆ. “ಒಳಗೆ ಸೆಟ್ ಕೆಲಸ ನಡೀತಿದೆ ಮೇಡಂ, ಎಲ್ಲಾ ಕಡೆ ಧೂಳು. ಮೊದಲ ತರಗತಿಯ ದಿನ ನೋಡುವಿರಂತೆ. ಎರಡೇ ಸೀಟು ಉಳಿದಿವೆ” ಎಂದರು. ಅದೇ ಸಂಜೆ ₹10,000 ಕಳಿಸಿದೆ, ತರಗತಿ ಆರಂಭವಾಗುವ ಮೊದಲೇ ಉಳಿದ ₹35,000 ಕೂಡ ಕಟ್ಟಿದೆ.

ಮೊದಲ ದಿನ ಹೋದಾಗ ಕಂಡದ್ದು ಒಂದು ವಾಣಿಜ್ಯ ಕಟ್ಟಡದ ಮೂರನೇ ಮಹಡಿಯ ಕೋಣೆ. ಸೂರು ಒಂಬತ್ತು ಅಡಿ ಎತ್ತರದಲ್ಲಿತ್ತು. ಲೈಟು ತೂಗುಹಾಕುವ ಬಾರ್ ಇಲ್ಲ, ನಟರು ಮರೆಯಲ್ಲಿ ನಿಲ್ಲುವ ವಿಂಗ್ಸ್ ಇಲ್ಲ, ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇಲ್ಲ. ಎರಡು ಮುಕ್ಕಾಲಿ ಸ್ಟ್ಯಾಂಡ್‌ಗಳ ಮೇಲೆ ನಾಲ್ಕು ಎಲ್‌ಇಡಿ ಪಾರ್ ಲೈಟುಗಳು, ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್ ಇದ್ದವು. ಲೈಟುಗಳನ್ನೆಲ್ಲ ಒಂದೆಡೆಯಿಂದ ನಿಯಂತ್ರಿಸುವ ಲೈಟಿಂಗ್ ಕನ್ಸೋಲ್ ಎಲ್ಲಿ ಎಂದರೆ ಸರ್ವಿಸ್‌ಗೆ ಹೋಗಿದೆ ಎಂದರು. ಹನ್ನೆರಡು ವಾರ ಕಳೆದರೂ ಅದು ಸರ್ವಿಸ್‌ನಿಂದ ಮರಳಲಿಲ್ಲ. ನಟನ ಮುಖವನ್ನು ಎರಡೂ ಬದಿಯಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಬೆಳಗಬೇಕು ಎಂಬುದು ಬೆಳಕಿನ ಮೊದಲ ಪಾಠ, ಅದಕ್ಕೆ ಎತ್ತರವೂ ಬೇಕು, ದೂರವೂ ಬೇಕು. ಆ ಕೋಣೆಯಲ್ಲಿ ಲೈಟು ಹಾಕಿದರೆ ಬೆಳಕು ನೇರವಾಗಿ ಕಣ್ಣಿಗೆ ಹೊಡೆದು, ನೆರಳು ಹಿಂದಿನ ಗೋಡೆಯ ಮೇಲೆ ಬೀಳುತ್ತಿತ್ತು. ರಿಗ್ಗಿಂಗ್ ಪಾಠವಂತೂ ಪೂರ್ತಿ ಸ್ಲೈಡುಗಳಲ್ಲೇ ಮುಗಿಯಿತು. ಬಾವಿಯೂ ಕೆರೆಯೂ ಇಲ್ಲದ ಊರಿನಲ್ಲಿ ಈಜು ಕಲಿಸಿದ ಹಾಗಾಯಿತು ಅದು.

ಮೂರನೇ ವಾರ ಡಿಎಂಎಕ್ಸ್, ಅಂದರೆ ಕನ್ಸೋಲ್‌ನಿಂದ ಲೈಟುಗಳಿಗೆ ಕೇಬಲ್ ಮೂಲಕ ಸಂಕೇತ ಕಳಿಸುವ ವಿಧಾನದ ಪಾಠ. ಒಂದು ಕೇಬಲ್ ಸಾಲಿನಲ್ಲಿ 512 ಚಾನೆಲ್‌ಗಳು, ಪ್ರತಿ ಲೈಟಿಗೂ ಒಂದು ವಿಳಾಸ ಎಂಬುದು ನನಗೆ ಮೊದಲೇ ಗೊತ್ತಿತ್ತು. ನನಗೆ ಬೇಕಿದ್ದದ್ದು ಬೇರೆ: ನಮ್ಮ ಪ್ರದರ್ಶನಗಳಲ್ಲಿ ಸಾಲಿನ ಕೊನೆಯ ಲೈಟುಗಳು ಏಕೆ ತಾವಾಗಿಯೇ ಮಿನುಗುತ್ತವೆ? “ಚೈನಾ ಲೈಟು ಮೇಡಂ, ಅವು ಹಾಗೇ” ಎಂದು ಮುಂದಿನ ಸ್ಲೈಡಿಗೆ ಹೋದರು. ಉತ್ತರ ಸಿಕ್ಕಿದ್ದು ತಿಂಗಳುಗಳ ಬಳಿಕ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ, ನಾಟಕವೊಂದಕ್ಕೆ ಲೈಟು ಕಟ್ಟುತ್ತಿದ್ದ ಹಿರಿಯರೊಬ್ಬರಿಂದ. ನಾವು ಡಿಎಂಎಕ್ಸ್ ಕೇಬಲ್ ಬದಲು ಮೈಕ್ ಕೇಬಲ್ ಬಳಸುತ್ತಿದ್ದೆವು, ಕೊನೆಯ ಲೈಟಿಗೆ 120 ಓಮ್‌ನ ಟರ್ಮಿನೇಟರ್ (ಸಾಲಿನ ತುದಿಗೆ ಹಾಕುವ ಪುಟ್ಟ ಪ್ಲಗ್) ಹಾಕುತ್ತಿರಲಿಲ್ಲ; ಹಾಗಾದಾಗ ಸಂಕೇತ ತುದಿಯಿಂದ ಹಿಂದಕ್ಕೆ ಮರಳಿ ಗೊಂದಲ ಮಾಡುತ್ತದೆ. ಅವರು ಇದನ್ನು ಚಹಾ ಕುಡಿಯುತ್ತ ಹತ್ತು ನಿಮಿಷದಲ್ಲಿ ಹೇಳಿಕೊಟ್ಟರು, ಒಂದು ರೂಪಾಯಿ ಪಡೆಯದೆ.

ಈಗ ಫೋಟೋ ವಿಷಯ. ಪೋಸ್ಟರಿನಲ್ಲಿ ಬಾರ್‌ಗಳ ತುಂಬ ಪ್ರೊಫೈಲ್, ಫ್ರೆನೆಲ್ ಎಂಬ ರಂಗದ ಲೈಟುಗಳಿರುವ ಒಂದು ಚಿತ್ರವಿದೆ. ನಾನು ಮರುಳಾದದ್ದು ಅದಕ್ಕೇ. ಐದನೇ ವಾರ ತಾಲೀಮು ಮುಗಿದ ಮೇಲೆ ಅದನ್ನು ನಮ್ಮ ತಂಡದ ಹಿರಿಯರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿ, “ಇದು ಹೋದ ವರ್ಷ ನಾವು ನಾಟಕ ಆಡಿದ ರಂಗಮಂದಿರ ಅಲ್ಲವೇನಮ್ಮಾ? ಈ ಎರಡನೇ ಬಾರ್‌ಗೆ ನೀನೇ ಲೈಟು ಕಟ್ಟಿದ್ದೆಯಲ್ಲ” ಎಂದರು. ನನಗೆ ಮಾತು ಹೊರಡಲಿಲ್ಲ. ನಾನೇ ಏಣಿ ಹತ್ತಿ, ನಾನೇ ಕೈಯಿಟ್ಟು ಕಟ್ಟಿದ ಬಾರ್ ಅದು. ಅದರ ಚಿತ್ರವನ್ನು ನನಗೇ ತೋರಿಸಿ ನನ್ನಿಂದಲೇ ಹಣ ಪಡೆದಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಸಂಚಾಲಕರನ್ನು ಕೇಳಿದೆ. “ಅದು ಸಾಂಕೇತಿಕ ಚಿತ್ರ ಮೇಡಂ. ಡಬ್ಬದ ಮೇಲಿನ ಚಿತ್ರದ ಹಾಗೆಯೇ ಒಳಗಿನ ಐಸ್‌ಕ್ರೀಮ್ ಇರುತ್ತದೆಯೇ?” ಎಂದರು. ಅರ್ಧ ಶುಲ್ಕವನ್ನಾದರೂ ಮರಳಿಸಿ ಎಂದಾಗ, ಶುಲ್ಕ ಮರಳಿಸಲಾಗದು ಎಂಬ ಷರತ್ತಿಗೆ ನಾನು ಸಹಿ ಮಾಡಿದ್ದೇನೆ ಎಂಬ ಉತ್ತರ ಬಂತು. ಮತ್ತೆ ಬರೆದೆ. ಆಗ ಬಂದ ಸಂದೇಶ ಇದು: “ರಂಗಭೂಮಿ ಎಂದರೆ ತ್ಯಾಗ. ನೀವು ಗ್ರಾಹಕರಂತೆ ಮಾತನಾಡುತ್ತಿದ್ದೀರಿ. ಉಳಿದ ಹತ್ತೂ ಜನ ತೃಪ್ತರಾಗಿದ್ದಾರೆ.” ಆಮೇಲೆ ವಿಚಾರಿಸಿದರೆ, ಆ ಹತ್ತು ಜನರಲ್ಲಿ ನಾಲ್ವರಿಗೆ ಇದೇ ವಾಕ್ಯ, ಇದೇ ಪದಗಳಲ್ಲಿ ಹೋಗಿತ್ತು.

ನನಗೆ ಹಣಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಕೊನೆಯ ಎರಡು ವಾರಗಳ ‘ಇಂಟರ್ನ್‌ಶಿಪ್’. ನಾಟಕ ಎಂದು ಹೇಳಿ ನಮ್ಮನ್ನು ಒಂದು ಮದುವೆಯ ವೇದಿಕೆಗೆ ಕರೆದೊಯ್ದು ಬೆಳಗಿನ ಜಾವದವರೆಗೆ ಪೆಟ್ಟಿಗೆ ಹೊರಿಸಿದರು. 1,000 ವ್ಯಾಟ್‌ನ ಒಂದು ಪಾರ್ ಲೈಟು ನಾಲ್ಕು ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ, 15 ಆಂಪಿಯರ್ ಪ್ಲಗ್ಗಿಗೆ ಮೂರೇ ಮಿತಿ. ಅಲ್ಲಿ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಐದನ್ನು ಸಿಕ್ಕಿಸಿದ್ದರು, ಮುಟ್ಟಿದರೆ ಬಾಕ್ಸ್ ಸುಡುತ್ತಿತ್ತು. ತಲೆಯ ಮೇಲೆ ತೂಗುವ ಲೈಟಿಗೆ ಕ್ಲಾಂಪ್ ಅಲ್ಲದೆ ಬಾರ್ ಸುತ್ತಿ ಬರುವ ಪ್ರತ್ಯೇಕ ಸೇಫ್ಟಿ ಚೈನ್ ಇರಲೇಬೇಕು, ಅಲ್ಲಿ ಒಂದಕ್ಕೂ ಇರಲಿಲ್ಲ. ಕೆಳಗೆ ಮಕ್ಕಳು ಓಡಾಡುತ್ತಿದ್ದರು. ಕೇಳಿದ್ದಕ್ಕೆ ನಮ್ಮ ತರಬೇತುದಾರರು, “ಇಷ್ಟು ವರ್ಷ ಒಂದೂ ಬಿದ್ದಿಲ್ಲ” ಎಂದರು. ಇಂಥವರು ಸುರಕ್ಷತೆಯ ಪ್ರಮಾಣಪತ್ರ ಹಂಚುತ್ತಿದ್ದಾರೆ. ನನ್ನ ಬಳಿಯೂ ಒಂದಿದೆ.

ದಯವಿಟ್ಟು ಹಾಲ್ ಒಳಗೆ ನಿಂತು ತಲೆಯೆತ್ತಿ ಸೂರು ನೋಡದೆ ಯಾರಿಗೂ ಹಣ ಕೊಡಬೇಡಿ. ಕನ್ಸೋಲ್ ಆನ್ ಮಾಡಿ ತೋರಿಸಿ ಎನ್ನಿ. ಧೂಳು ಎಂದರೆ ಎದ್ದು ಬನ್ನಿ. ಕಲಿಯುವ ಆಸೆಯಿದ್ದರೆ ಯಾವುದಾದರೂ ತಂಡದ ಜೊತೆ ಸೇರಿ, ಕಲಾಕ್ಷೇತ್ರದಲ್ಲೋ ರಂಗಶಂಕರದಲ್ಲೋ ಪ್ರದರ್ಶನದ ದಿನ ಬೆಳಿಗ್ಗೆಯೇ ಹೋಗಿ ಲೈಟು ಕಟ್ಟುವವರಿಗೆ ಕೈಜೋಡಿಸಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವಳಿದ್ದೇನೆ. ₹5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನನ್ನ ಜೊತೆ ಹಣ ಕಟ್ಟಿದ ಉಳಿದ ಹತ್ತು ಜನರು ಇದನ್ನು ಓದುತ್ತಿದ್ದರೆ, ರಸೀದಿ, ಬ್ಯಾಂಕ್ ಸಂದೇಶ, ಹಳೆಯ ಪೋಸ್ಟರ್ ಯಾವುದನ್ನೂ ಅಳಿಸಬೇಡಿ, ನನಗೆ ಬರೆಯಿರಿ.